ಎಂಟು ಬೆಲ್ಟು, ಒಂಬತ್ತು ಮಂದಿ

ರಾಚವ್ವ ನೋಡದ ಗುಡ್ಡವಿಲ್ಲ. ಆದರೆ ನೋಡಿದ್ದೆಲ್ಲ ಬುಡ ಮಾತ್ರ.

ಬೈಲಹೊಂಗಲದ ಒಂದು ಕಾಲೇಜಿನ ಹಾಸ್ಟೆಲಿಗೆ ಅವಳು ಅಡುಗೆಗೆಂದು ಸೇರಿದ್ದು ತೊಂಬತ್ತೊಂದನೇ ಇಸವಿಯಲ್ಲಿ. ಆ ಕಾಲೇಜಿನಲ್ಲಿ ಗುಡ್ಡ ಹತ್ತುವವರದೊಂದು ಸಂಘವಿತ್ತು. ದಸರೆ ರಜೆ ಬಂತೆಂದರೆ ಸಂಘದವರು ಟೆಂಪೋ ಮಾಡಿಕೊಂಡು ಹೊರಡುವರು. ಟೆಂಪೋದ ಹಿಂಭಾಗದಲ್ಲಿ ಪಾತೇಲಿ, ಹಿಟ್ಟಿನ ಚೀಲ, ಎಣ್ಣೆ ಡಬ್ಬಿ, ಅವುಗಳ ನಡುವೆ ಪಟ್ಟಿಯ ಕೊನೆಯ ಸಾಮಾನಿನಂತೆ ರಾಚವ್ವ. ರಾಮದುರ್ಗದ ಕಡೆಯ ಕೆಂಪು ಬಂಡೆಗಳ ಬುಡ ಕಂಡಳು, ನವಿಲುತೀರ್ಥದ ಕೊರಕಲಿನ ಬುಡ ಕಂಡಳು, ಸಹ್ಯಾದ್ರಿಯ ನಾಲ್ಕಾರು ಕೋಟೆಗಳ ಬುಡ ಕಂಡಳು. ಹುಡುಗರು ಬೆಳಗ್ಗೆ ಅವಲಕ್ಕಿ ತಿಂದು ಮೇಲೆ ಹೋಗುವರು. ಇವಳು ಮೂರು ಕಲ್ಲಿಟ್ಟು ಒಲೆ ಹೂಡಿ, ಮಂಗಗಳಿಂದ ರೊಟ್ಟಿ ಬುಟ್ಟಿ ಕಾಯುತ್ತ ಕೂಡುವಳು. ಸಂಜೆ ಇಳಿದು ಬಂದವರು ಮೊದಲು ಕೇಳುವುದು, "ಯಕ್ಕಾ, ಏನ ಮಾಡೀರಿ?" ಮೇಲೇನಿತ್ತು ಎಂದು ಇವಳು ಕೇಳಿದರೆ ಉತ್ತರ ಹೇಳಲು ಅವರ ಬಾಯಲ್ಲಿ ಜಾಗವಿರುತ್ತಿರಲಿಲ್ಲ. ಹೀಗೆ ಹನ್ನೆರಡು ವರ್ಷ ನಡೆಯಿತು.

ಇಷ್ಟಕ್ಕೇ ಅಯ್ಯೋ ಪಾಪ ಎನ್ನಬೇಡಿ. ಪಾಪ ಅನ್ನಿಸಿಕೊಳ್ಳುವುದು ರಾಚವ್ವನಿಗೆ ಆಗಿಬರುವುದಿಲ್ಲ. ಅವಳೆದುರು ಹಾಗಂದವರಿಗೆ ಆ ದಿನ ಸಾರಿನಲ್ಲಿ ಖಾರ ಕಣ್ಣಲ್ಲಿ ನೀರು ಬರುವಷ್ಟು ಬೀಳುತ್ತಿತ್ತು. ನಲವತ್ತಾರರ ಹೆಂಗಸು, ಗಿಡ್ಡ ಆಳು, ಕೈಗಳು ಮಾತ್ರ ಅವಳ ಅಳತೆಗೆ ಮೀರಿದವು, ಉದ್ದಕ್ಕೆ, ಗಟ್ಟಿಯಾಗಿ. ಆ ಕೈಗಳಿಗೊಂದು ಚರಿತ್ರೆ ಇತ್ತು. ಹಾಸ್ಟೆಲಿನಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ.

ಅವಳ ತವರು ದೊಡವಾಡ. ಅಪ್ಪ ದುರ್ಗಪ್ಪ ಬಾವಿಗಳ ಹೂಳು ತೆಗೆಯುವವನು. ಯಾರ ಮನೆಯ ಕೊಡ ಬಾವಿಗೆ ಬಿದ್ದರೂ ಅವನಿಗೇ ಕರೆ. ಆ ಕಡೆಯ ಹೊಲದ ಬಾವಿಗಳಲ್ಲಿ ಮೆಟ್ಟಿಲಿಲ್ಲ. ಒಳಗೋಡೆಯಿಂದ ಮೊಳಕ್ಕೊಂದು ಕಲ್ಲು ಹೊರಗೆ ಚಾಚಿರುತ್ತದೆ, ಅದರ ಮೇಲೆ ಕಾಲಿಟ್ಟು, ಮೇಲಿನ ಕಲ್ಲನ್ನು ಕೈಯಲ್ಲಿ ಹಿಡಿದು ಇಳಿಯಬೇಕು. ಎಂಟು ವರ್ಷದವಳಿದ್ದಾಗ ರಾಚವ್ವ ಅಪ್ಪನ ಬೆನ್ನಿಗೆ ಬಿದ್ದು ಇಳಿದಳು. ಹನ್ನೆರಡಕ್ಕೆ ಬರುವಷ್ಟರಲ್ಲಿ ದೊಡವಾಡದ ಬಾವಿಗಳ ತಳವೆಲ್ಲ ಅವಳಿಗೆ ಪರಿಚಯ. ತಳ ಮುಟ್ಟಿದವರು ಒಂದು ಹಿಡಿ ಕೆಸರು ತಂದು ಕಟ್ಟೆಯ ಮೇಲೆ ಇಡಬೇಕು, ಅದು ದುರ್ಗಪ್ಪನ ಪದ್ಧತಿ. ಬಾಯಿಮಾತಿಗೆ ಅವನಲ್ಲಿ ಬೆಲೆ ಇರಲಿಲ್ಲ, ಕೆಸರಿಗಿತ್ತು.

ಹದಿನಾರಕ್ಕೆ ಮನೋಳಿಗೆ ಕೊಟ್ಟರು. ಮದುವೆಯಾದ ಮೊದಲ ವರ್ಷವೇ ಹಿತ್ತಲ ಬಾವಿಗೆ ಬಕೀಟು ಬಿತ್ತು. ಹೊಸ ಸೊಸೆ ಸೀರೆ ಎತ್ತಿ ಕಚ್ಚೆ ಹಾಕಿ ಬಾವಿಯೊಳಗೆ ಒಂದು ಕಾಲಿಟ್ಟಳಷ್ಟೇ, ಅತ್ತೆ ಮುದಕವ್ವ ಓಣಿಗೆಲ್ಲ ಕೇಳುವಂತೆ ಕಿರುಚಿದಳು. "ಮ್ಯಾಲ ಬಾ ನಮ್ಮವ್ವಾ! ಸೊಸಿ ಬಾವಿಗಿ ಇಳದ್ಲು ಅಂದ್ರ ಮಂದಿ ಏನ ತಿಳ್ಕೋತಾರ? ಬಕೀಟ ತರಾಕ ಹೋಗ್ಯಾಳ ಅಂತಾರೇನ? ನಾನ ಕಾಡಿ ಕಳಿಸೇನಿ ಅಂತಾರ!" ಮುದಕವ್ವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಕಡೆ ಸೊಸೆ ಬಾವಿಯ ಹತ್ತಿರ ಹೆಚ್ಚು ಹೊತ್ತು ನಿಂತರೂ ಸಾಕು, ನಾಲ್ಕು ಮನೆಯವರು ಹೊರಗೆ ಬಂದು ನೋಡುತ್ತಾರೆ. ಅತ್ತೆಯ ಮಾನ ಉಳಿಯಲೆಂದು ರಾಚವ್ವ ಕಾಲು ಹಿಂದಕ್ಕೆ ತೆಗೆದಳು. ಮೂವತ್ತು ವರ್ಷ ಮತ್ತೆ ಇಡಲಿಲ್ಲ. ಗಂಡ ತೀರಿಕೊಂಡ ಮೇಲೆ ಬೈಲಹೊಂಗಲಕ್ಕೆ ಬಂದು ಸೌಟು ಹಿಡಿದಳು.

ಎರಡು ಸಾವಿರದ ಮೂರನೇ ಇಸವಿ, ಗಣಪತಿ ಹಬ್ಬ ಆಗ ತಾನೇ ಮುಗಿದಿತ್ತು. ಸಂಘವನ್ನು ನಡೆಸುವ ಸುಮೇಧ ಸರ್ ಒಂದು ಪತ್ರ ಹಿಡಿದುಕೊಂಡು ಹಾಸ್ಟೆಲಿನ ಅಡುಗೆಮನೆಗೆ ಬಂದರು. ಅವರು ಭೌತಶಾಸ್ತ್ರದ ಮೇಷ್ಟ್ರು, ಸವದತ್ತಿಯವರು. ಲೆಕ್ಕದ ಉತ್ತರ ಸರಿಯಿದ್ದು ಅದರ ಮುಂದೆ ಮೀಟರೋ ಕಿಲೋನೋ ಬರೆಯದಿದ್ದರೆ ಅರ್ಧ ಅಂಕ ಕತ್ತರಿಸುವ ಮನುಷ್ಯ, ಉಳಿದಂತೆ ಸಜ್ಜನ. ಸಂಘದ ಸಭೆಗಳೆಲ್ಲ ಅಡುಗೆಮನೆಯಲ್ಲೇ ನಡೆಯುತ್ತಿದ್ದವು, ಯಾಕೆಂದರೆ ಚಹಾ ಅಲ್ಲೇ ಸಿಗುತ್ತಿತ್ತು.

ಪತ್ರ ಕೊಲ್ಲಾಪುರದ ಒಂದು ಗಿರ್ಯಾರೋಹಣ ಮಂಡಳಿಯದು. ಕಾಳಕಡಾ ಎಂಬ ಕಡಿದಾದ ಬಂಡೆಗೆ ಅವರು ಕಬ್ಬಿಣದ ದಾರಿ ಮಾಡಿದ್ದರು. ಬಂಡೆಯಲ್ಲಿ ತೂತು ಕೊರೆದು ಸರಳು ಬಡಿದು ಕಾಲಿಡಲು ಜಾಗ ಮಾಡಿ, ಅದರ ಪಕ್ಕದಲ್ಲೇ ಬುಡದಿಂದ ತುದಿಯವರೆಗೆ ದಪ್ಪ ತಂತಿ ಬಿಗಿದಿದ್ದರು. ಹತ್ತುವವರು ಸೊಂಟಕ್ಕೆ ಬೆಲ್ಟು ಕಟ್ಟಿಕೊಳ್ಳಬೇಕು. ಬೆಲ್ಟಿಗೆ ಎರಡು ಕೊಂಡಿ. ಎರಡನ್ನೂ ತಂತಿಗೆ ಸಿಕ್ಕಿಸಿಕೊಂಡು, ಒಂದು ತೆಗೆದು ಮುಂದಕ್ಕೆ ಹಾಕಿ, ಆಮೇಲೆ ಇನ್ನೊಂದು. ಎರಡೂ ಕೊಂಡಿ ಒಟ್ಟಿಗೆ ಯಾವತ್ತೂ ಬಿಡಬಾರದು. ಮಳೆ ನಿಂತು ಬಂಡೆ ಒಣಗುವ ಕಾಲ ಒಳ್ಳೆಯದು, ದಸರೆ ಆದ ಮೂರನೇ ದಿನ ಬನ್ನಿ ಎಂದು ಬರೆದಿದ್ದರು. ದಾರಿ ತೋರಿಸಲು ತಮ್ಮವರೇ ಇರುತ್ತಾರೆ, ಬೆಲ್ಟು ಇರುವುದು ಎಂಟು, ಬರುವವರು ಕೊಂಡಿ ಹಾಕುವುದನ್ನು ಎಲ್ಲಾದರೂ ಎತ್ತರದಲ್ಲಿ ಕಲಿತೇ ಬರಬೇಕು ಎಂದೂ ಇತ್ತು.

ಎಂಟು ಮಂದಿ ಆಗಲೇ ಗೊತ್ತಾಗಿದ್ದರು. ಸುಮೇಧ ಸರ್, ಏಳು ವಿದ್ಯಾರ್ಥಿಗಳು. ಅವರಲ್ಲಿ ಗೌರೀಶ ಎಂಬವನು ಕಬಡ್ಡಿ ತಂಡದ ನಾಯಕ, ಎದೆ ಮುಂದೆ ಮಾಡಿಕೊಂಡೇ ಹುಟ್ಟಿದವನು. ಮಧು ಎಂಬ ಹುಡುಗಿ ಮಾತು ಕಡಿಮೆ, ಕಣ್ಣು ಚುರುಕು.

ರಾಚವ್ವ ಚಹಾ ಸೋಸುತ್ತ ಕೇಳುತ್ತಿದ್ದಳು. ಬಂಡೆಗೆ ಬಡಿದ ಸರಳು, ಮೊಳಕ್ಕೊಂದು ಹೆಜ್ಜೆ, ಕೈಯಲ್ಲಿ ಮೇಲಿನದು ಕಾಲಲ್ಲಿ ಕೆಳಗಿನದು. ಕೇಳುತ್ತ ಕೇಳುತ್ತ ಅವಳ ಬೆರಳು ಗಾಳಿಯಲ್ಲೇ ಒಂದು ಕಲ್ಲನ್ನು ಹಿಡಿದವು. ಸೋಸುವ ಅರಿವೆ ಪಾತ್ರೆಗೆ ಬಿತ್ತು.

"ನಾನೂ ಹತ್ತತೇನಿ," ಅಂದಳು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಕ್ಕರು. ಸುಮೇಧ ಸರ್ ನಗಲಿಲ್ಲ, ಆದರೆ ಅವರ ಮಾತು ನಗೆಗಿಂತ ಹೆಚ್ಚು ಚುಚ್ಚಿತು. "ಅಲ್ರೀ ಅಕ್ಕಾರ, ನೀವು ಕೆಳಗಿದ್ರ ನಮಗ ಮ್ಯಾಲೆ ಧೈರ್ಯ ಇರ್ತದ. ನಿಮ್ಮ ಕೈ ಊಟ ಇಲ್ಲದ ಹೆಂಗ?"

"ಹನ್ನೆರಡ ವರ್ಷ ಧೈರ್ಯ ಕೊಟ್ಟೇನ್ರಿ ಸರ. ಈ ಸಲ ನನಗ ಬೇಕಾಗೈತಿ," ಎಂದಳು ರಾಚವ್ವ.

ಮಾತು ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ಆದರೆ ಅಭ್ಯಾಸ ಎಲ್ಲಿ ಮಾಡುವುದು ಎಂಬ ಪ್ರಶ್ನೆ ಬಂತು. ಕಿತ್ತೂರ ಕೋಟೆಯ ಗೋಡೆ ಎಂದ ಒಬ್ಬ. ಕಾವಲಿನವರು ಹಿಡಿದು ಕೂಡಿಸುತ್ತಾರೆ, ಮೇಲಾಗಿ ಅದು ಹತ್ತಿ ಆಡುವ ಜಾಗವೂ ಅಲ್ಲ ಎಂದರು ಸರ್. ರಾಮದುರ್ಗದ ಬಂಡೆ ಎಂದ ಇನ್ನೊಬ್ಬ. ಅಲ್ಲಿ ಕಾಲಿಡಲು ಸರಳಿಲ್ಲ. ಕಾಲೇಜಿನ ನೀರಿನ ಟಾಕಿಗೆ ಪ್ರಿನ್ಸಿಪಾಲರು ಒಪ್ಪುವುದಿಲ್ಲ. ಎಲ್ಲರೂ ಬಸ್ಸು ತಪ್ಪಿದವರ ಹಾಗೆ ತಲೆ ಕೆರೆದುಕೊಂಡರು.

"ನಮ್ಮ ದೊಡವಾಡದಾಗ ಸಂಗಪ್ಪನ ಹೊಲದಾಗೊಂದು ಬಾವಿ ಐತಿ," ಎಂದಳು ರಾಚವ್ವ, ಪಾತ್ರೆ ತಿಕ್ಕುತ್ತ, ಯಾರ ಕಡೆಯೂ ನೋಡದೆ. "ಐವತ್ತು ಕಲ್ಲು. ಎರಡು ಸಾಲು. ಇಳಿಯವರಿಗಿ ಒಂದು, ಹೂಳು ಹೊತ್ತು ಹತ್ತವರಿಗಿ ಒಂದು. ಬೋರ್ ಹಾಕಿಸಿದ ಮ್ಯಾಲ ಯಾರೂ ನೀರು ಎತ್ತೂದಿಲ್ಲ. ತಳದಾಗ ಮೊಳಕಾಲುದ್ದ ನೀರು. ನಡುವ ಒಂದು ಹಗ್ಗ ಬಿಟ್ರ ಕೊಂಡಿ ಹಾಕಾಕ ಬರತೈತಿ. ಆದ್ರ ನಾ ಇಳಿಯೂದಿದ್ರ ಅಷ್ಟ ಬಾವಿ ತೋರಸ್ತೇನಿ."

ಗೌರೀಶನಿಗೆ ಹುರುಪು ಬಂತು. "ಹಂಗಾದ್ರ ಶರತ್ತ ಹಚ್ಚೂಣು ಯಕ್ಕಾ. ಒಂಬತ್ತು ಮಂದಿ, ಎಂಟು ಬೆಲ್ಟು. ತಳಾ ಮುಟ್ಟಿ ಮ್ಯಾಲ ಬಂದವರು ಕಾಳಕಡಾ ಹತ್ತಬೇಕು. ಬಾವ್ಯಾಗ ಸೋತವರು ಒಲಿ ಮುಂದ." ಎಲ್ಲರೂ ಹೂಂ ಅಂದರು. ಒಲೆ ಮುಂದೆ ಯಾರು ಎಂಬುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ.

ಮರುದಿನ ಸುಮೇಧ ಸರ್ ಫೋನಿನಲ್ಲಿ ಸಂಗಪ್ಪನನ್ನು ಹಿಡಿದರು. ಬಾವಿ ಎಷ್ಟು ಆಳ ಎಂದು ಕೇಳಿದರೆ, "ಹನ್ನೆರಡು ಮಾರ್ರಿ, ನಮ್ಮ ಮುತ್ಯಾ ಅಳದದ್ದು," ಎಂದ. ಮಾರು ಎಂದರೆ ಎರಡೂ ಕೈ ಅಗಲಿಸಿದಾಗ ಈ ತುದಿಯಿಂದ ಆ ತುದಿಗೆ ಬರುವ ಅಳತೆ. ಸರ್ ಪೇಟೆಗೆ ಹೋಗಿ ಹಗ್ಗದ ಅಂಗಡಿಯ ಮಡಿವಾಳೆಪ್ಪನಿಗೆ, "ಹದಿನಾಲ್ಕು ಮಾರು ಕೊಡ್ರಿ," ಎಂದರು. ಹನ್ನೆರಡು ಬಾವಿಗೆ, ಎರಡು ಮೇಲೆ ಮರಕ್ಕೆ ಕಟ್ಟಲು. ಮಡಿವಾಳೆಪ್ಪ ಕೈ ಅಗಲಿಸಿ ಹದಿನಾಲ್ಕು ಸಲ ಎಳೆದು ಕತ್ತರಿಸಿದ. ದಪ್ಪ ನೈಲಾನ್ ಹಗ್ಗ, ಒಳ್ಳೆಯ ಮಾಲು. ಸರ್ ಅದನ್ನು ಅಡುಗೆಮನೆಗೆ ತಂದು ಕೊಂಡಿ ಹಾಕಲು ಮೊಳಕ್ಕೊಂದು ಕುಣಿಕೆ ಗಂಟು ಹಾಕಿಸಿದರು.

ರಾಚವ್ವ ಹಗ್ಗದ ಸುರುಳಿ ನೋಡಿದಳು. "ಯಾರ ಮಾರ್ರೀ ಇದು, ಸರ?"

"ಮಾರು ಅಂದ್ರ ಮಾರು, ಅಕ್ಕಾರ. ಆರು ಫೂಟು," ಎಂದರು ಸರ್ ನಗುತ್ತ.

ರಾಚವ್ವ ಮತ್ತೆ ಕೇಳಲಿಲ್ಲ. ಓದಿದವರಿಗೆ ಎರಡು ಸಲ ಹೇಳುವುದು ಅವಳ ಪದ್ಧತಿಯಲ್ಲ. ಆದರೆ ಭಾನುವಾರ ಬೆಳಗ್ಗೆ ದೊಡವಾಡದ ಬಸ್ಸು ಹತ್ತುವಾಗ ಹಾಸ್ಟೆಲಿನ ಬಾವಿಯಿಂದ ನೀರು ಸೇದುವ ಹಗ್ಗವನ್ನು ಬಿಚ್ಚಿ ತನ್ನ ಚೀಲದ ತಳದಲ್ಲಿ ಇಟ್ಟುಕೊಂಡಳು. ಕೈಯಲ್ಲಿ ಹಿಡಿದು ಅಳೆದಿದ್ದಳು, ತನ್ನ ಮಾರಿನಲ್ಲಿ ಐದು.

ಸಂಗಪ್ಪನ ಬಾವಿ ಹೊಲದ ನಡುವೆ, ಪಕ್ಕದಲ್ಲೊಂದು ಬೇವಿನ ಮರ. ಸಂಗಪ್ಪ ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಂಥ ಆಳು. ಅವನ ಅಜ್ಜ, ಆ ಬಾವಿ ಅಳೆದ ಮುತ್ಯಾ, ಅವನಿಗಿಂತಲೂ ಎತ್ತರವಿದ್ದನಂತೆ. ಹಗ್ಗವನ್ನು ಬೇವಿನ ಬೊಡ್ಡೆಗೆ ಬಿಗಿದು ಬಾವಿಯೊಳಗೆ ಬಿಟ್ಟರು. ಮೇಲಿಂದ ಇಣುಕಿದರೆ ಅರ್ಧದ ಕೆಳಗೆ ಕತ್ತಲೆ, ಹಗ್ಗದ ತುದಿ ಯಾರಿಗೂ ಕಾಣಲಿಲ್ಲ. ಕೊಲ್ಲಾಪುರದವರು ಅಭ್ಯಾಸಕ್ಕೆಂದು ಎರಡು ಬೆಲ್ಟು ಮೊದಲೇ ಕಳಿಸಿದ್ದರು. ಒಂದನ್ನು ಗೌರೀಶ ಕಟ್ಟಿಕೊಂಡ. "ಮೊದಲ ನಾ," ಎಂದ.

ಚೆನ್ನಾಗಿಯೇ ಇಳಿದ. ಒಂದು ಕೊಂಡಿ ಬಿಚ್ಚಿ ಕೆಳಗಿನ ಕುಣಿಕೆಗೆ, ಆಮೇಲೆ ಇನ್ನೊಂದು. ಹತ್ತು, ಇಪ್ಪತ್ತು, ಮೂವತ್ತು ಕಲ್ಲು. ಮೇಲಿದ್ದವರು ಜೋರಾಗಿ ಎಣಿಸುತ್ತಿದ್ದರು. ಮೂವತ್ತೆಂಟಕ್ಕೆ ಎಣಿಕೆ ನಿಂತಿತು.

"ಸರ!" ಎಂದಿತು ಬಾವಿಯೊಳಗಿನಿಂದ ಒಂದು ದನಿ. ಅದು ಗೌರೀಶನದು ಎಂದು ನಂಬುವುದೇ ಕಷ್ಟವಾಗಿತ್ತು. "ಹಗ್ಗ ಮುಗೀತ್ರಿ ಸರ!"

ಕೆಳಗೆ ಇನ್ನೂ ಹನ್ನೆರಡು ಕಲ್ಲು, ಅದರ ಕೆಳಗೆ ಕಪ್ಪು ನೀರು, ಕೊಂಡಿ ಹಾಕಲು ಕುಣಿಕೆ ಇಲ್ಲ. ಹುಡುಗ ಕೆಳಗೆ ನೋಡಿದ್ದೇ ತಪ್ಪಾಯಿತು. ಮೊಳಕಾಲು ನಡುಗಲು ಶುರುವಾದವು, ಎರಡೂ ಕೈಯಲ್ಲಿ ಕಲ್ಲನ್ನು ತಬ್ಬಿಕೊಂಡ. ಮೇಲೆ ಬಾ ಎಂದರೆ ಬರಲಾರ. ಬರಬೇಕಾದರೆ ಒಂದು ಕೈ ಬಿಡಬೇಕು, ಆ ಕೈ ಅವನ ಮಾತು ಕೇಳುತ್ತಿರಲಿಲ್ಲ. ಸುಮೇಧ ಸರ್ ಎರಡನೇ ಬೆಲ್ಟಿಗೆ ಕೈ ಹಾಕಿದರು, ಬಕ್ಕಲ್ಲು ಹಾಕಲು ಬೆರಳು ಬರಲಿಲ್ಲ.

ರಾಚವ್ವ ಅವರ ಕೈಯಿಂದ ಬೆಲ್ಟು ತೆಗೆದುಕೊಂಡಳು. ಸೀರೆಗೆ ಕಚ್ಚೆ ಹಾಕಿ, ಅದರ ಮೇಲೆ ಬೆಲ್ಟು ಬಿಗಿದು, ಕೊಂಡಿ ಎರಡೂ ಸಿಕ್ಕಿಸಿ, ಎಡಸಾಲಿನ ಮೊದಲ ಕಲ್ಲಿಗೆ ಕಾಲಿಟ್ಟಳು. ಮೂವತ್ತು ವರ್ಷವಾಗಿತ್ತು. ಅಂಗಾಲಿಗೆ ಕಲ್ಲಿನ ತಂಪು ತಗಲಿದ್ದೇ, ಅವಳಿಗೆ ಹೇಳಬಾರದಷ್ಟು ಸಂತೋಷವಾಯಿತು. ಒಂದು ಹುಡುಗ ಕೆಳಗೆ ಜೀವ ಹಿಡಿದು ನಿಂತಿರುವಾಗ ಹಾಗೆ ಸಂತೋಷಪಡುವುದು ಸರಿಯಲ್ಲವೆಂದು ಅವಳಿಗೂ ಗೊತ್ತಿತ್ತು. ಆದರೂ ಆಯಿತು, ಏನು ಮಾಡುವುದು.

ಅಷ್ಟರಲ್ಲಿ ಪಕ್ಕದ ಹೊಲದಲ್ಲಿ ಕಳೆ ಕೀಳುತ್ತಿದ್ದ ಬಾಯವ್ವ ತಲೆಯೆತ್ತಿದಳು. ಅವಳಿಗೆ ಕಂಡದ್ದು ಇಷ್ಟು, ದುರ್ಗಪ್ಪನ ಮಗಳು ಬಾವಿಯೊಳಗೆ ಮರೆಯಾದಳು. ಕೈಯಲ್ಲಿನ ಕುಡುಗೋಲು ಬಿಸಾಕಿ ಓಡಿದಳು. "ರಾಚಿ ಬಾವಿ ಬಿದ್ಲೋ! ಬರ್ರಿಯಪ್ಪೋ!" ಅರ್ಧ ಗಳಿಗೆಯಲ್ಲಿ ಸುತ್ತಲಿನ ಹೊಲದವರೆಲ್ಲ ಬಾವಿಯ ಕಟ್ಟೆಗೆ ಬಂದು ನಿಂತರು.

ಇದಾವುದೂ ರಾಚವ್ವನ ಕಿವಿಗೆ ಬೀಳಲಿಲ್ಲ. ಗೌರೀಶನ ಪಕ್ಕದ ಕಲ್ಲಿಗೆ ಬಂದು ನಿಂತಿದ್ದಳು. ಸೊಂಟದ ಸಂಚಿಯಿಂದ ಬೆಲ್ಲದ ಚೂರು ತೆಗೆದು ಅವನ ಬಾಯಿಗಿಟ್ಟಳು.

"ಯಕ್ಕಾ, ಕಾಲು ನಡಗಾಕ ಹತ್ತ್ಯಾವ."

"ನಡಗಲಿ ಬಿಡು. ಕಾಲಿನ ಉಸಾಬರಿ ನಿನಗ ಬ್ಯಾಡ. ಬೆಲ್ಲ ಚೀಪು. ಚೀಪಿದಿ? ಈಗ ಬಲಗೈ ಎತ್ತಿ ನನ್ನ ಕೈ ಮ್ಯಾಲಿಡು. ಹಾಂ. ಈಗ ಆ ಕೈ ಮ್ಯಾಲಿನ ಕಲ್ಲಿಗಿ. ಕೊಂಡಿ ನಾ ಹಾಕತೇನಿ."

ಒಂದೊಂದೇ ಕಲ್ಲು. ಅವಳು ಬೈದಳು, ರಮಿಸಿದಳು, ಕಬಡ್ಡಿಯಲ್ಲಿ ಎಷ್ಟು ಮಂದಿಯನ್ನು ಒಮ್ಮೆಗೇ ಔಟ್ ಮಾಡಿದ್ದೆ ಎಂದು ಕೇಳಿದಳು. ಇಪ್ಪತ್ತನೇ ಕಲ್ಲಿಗೆ ಬರುವಷ್ಟರಲ್ಲಿ ಅವನು ಉತ್ತರ ಕೊಡುತ್ತಿದ್ದ. ಹತ್ತನೇ ಕಲ್ಲಿಗೆ ಕೊಂಡಿ ತಾನೇ ಹಾಕಿಕೊಂಡ. ಮೇಲೆ ಬಂದವನು ಹುಲ್ಲಿನ ಮೇಲೆ ಅಂಗಾತ ಬಿದ್ದು ಕಣ್ಣು ಮುಚ್ಚಿಕೊಂಡ.

ಸುಮೇಧ ಸರ್ ಹಗ್ಗವನ್ನು ನೋಡಿದರು, ಸಂಗಪ್ಪನನ್ನು ನೋಡಿದರು. ಮಡಿವಾಳೆಪ್ಪನ ಚಿತ್ರ ಕಣ್ಣಿಗೆ ಬಂತು. ಅವನು ಹಗ್ಗ ಅಳೆಯಲು ಸ್ಟೂಲಿನ ಮೇಲೆ ನಿಂತಿದ್ದು ಅವರಿಗೆ ಆಗ ಹೊಳೆಯಿತು. ಆರಡಿ ಮೀರಿದ ಮುತ್ಯಾನ ಹನ್ನೆರಡು ಮಾರು, ಐದಡಿ ಮುಟ್ಟದ ಮಡಿವಾಳೆಪ್ಪನ ಹನ್ನೆರಡು ಮಾರು. ಗಂಟುಗಳು ತಿಂದ ಹಗ್ಗ ಬೇರೆ. ಜೀವಮಾನವೆಲ್ಲ ಹುಡುಗರ ಅರ್ಧ ಅಂಕ ಕತ್ತರಿಸಿದ ಮನುಷ್ಯ ತಲೆಯ ಮೇಲೆ ಕೈ ಹೊತ್ತು ಕೂತರು.

"ಸಾಕು," ಎಂದರು. "ತಪ್ಪು ನಂದು. ಈ ಟ್ರಿಪ್ಪೇ ಬ್ಯಾಡ. ಕೊಲ್ಲಾಪುರಕ್ಕ ಇವತ್ತೇ ಪತ್ರ ಬರೀತೀನಿ."

ಬೆಲ್ಟು ಇನ್ನೂ ರಾಚವ್ವನ ಸೊಂಟದಲ್ಲೇ ಇತ್ತು. ಇವರು ಪತ್ರ ಬರೆದರೆ ಕಾಳಕಡಾದ ಬುಡವೂ ಇಲ್ಲ ತುದಿಯೂ ಇಲ್ಲ. ಮುಂದಿನ ವರ್ಷ ಮತ್ತೆ ಯಾವುದೋ ಗುಡ್ಡ, ಮತ್ತೆ ಮೂರು ಕಲ್ಲು, ಮತ್ತೆ ಮಂಗ. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು.

"ಸರ, ನಾ ಇನ್ನೂ ತಳಾ ಮುಟ್ಟಿಲ್ರಿ," ಎಂದಳು. "ಮೂವತ್ತೆಂಟಕ್ಕ ಹೊಳ್ಳಿ ಬಂದೇನಿ. ಶರತ್ತು ಐವತ್ತಕ್ಕ ಐತಿ."

ಚೀಲದಿಂದ ಹಾಸ್ಟೆಲಿನ ಹಗ್ಗ ತೆಗೆದು ಕೊರಳಿಗೆ ಹಾಕಿಕೊಂಡಳು. ಅವಳು ಮತ್ತೆ ಬಾವಿಗೆ ಕಾಲಿಟ್ಟಾಗ ತಡೆಯಲು ಸರ್ ಕೈ ಚಾಚಿದರು. ಮಧು ಆ ಕೈಯನ್ನು ಮೆಲ್ಲಗೆ ಹಿಡಿದು, "ಹೋಗಲಿ ಬಿಡ್ರಿ ಸರ. ಅವರ ಇಳಿಯೂದ ನೋಡಿದ್ರೇನು? ಒಂದು ಸಲಾನೂ ಕೆಳಗ ನೋಡಲಿಲ್ಲ," ಎಂದಳು. ಆ ಹುಡುಗಿ ಆ ದಿನ ಆಡಿದ ಒಂದೇ ಮಾತು ಅದು.

ಈ ಸಲ ಯಾರೂ ಎಣಿಸಲಿಲ್ಲ. ರಾಚವ್ವ ಮೂವತ್ತೆಂಟಕ್ಕೆ ಬಂದು ನಿಂತು, ಎರಡೂ ಕೊಂಡಿ ಮೇಲಿನ ಕುಣಿಕೆಯಲ್ಲಿಟ್ಟು, ಹಗ್ಗಕ್ಕೆ ಹಗ್ಗ ಸೇರಿಸಿದಳು. ಅಪ್ಪ ಕಲಿಸಿದ ಗಂಟು, ಎಳೆದಷ್ಟೂ ಬಿಗಿಯುವುದು. ಮೂರು ಸಲ ಜಗ್ಗಿ ನೋಡಿದಳು. ಕೆಳಗಿನ ಹಗ್ಗಕ್ಕೂ ಕುಣಿಕೆ ಹಾಕಿಕೊಳ್ಳುತ್ತ, ಒಂದು ಕೊಂಡಿ ಬಿಡುತ್ತ ಒಂದು ಹಿಡಿಯುತ್ತ ಇಳಿದಳು. ನಲವತ್ತೈದು. ಕಲ್ಲಿಗೆ ಪಾಚಿ ಹತ್ತಿತ್ತು, ಹೆಬ್ಬೆರಳಿನಲ್ಲಿ ಒರೆಸಿ ಹೆಜ್ಜೆ ಇಟ್ಟಳು. ಐವತ್ತು. ಕಾಲು ನೀರಿಗೆ ಹೋಯಿತು. ಕತ್ತಲೆಯಲ್ಲಿ ನಿಂತು ಒಮ್ಮೆ ಮೇಲೆ ನೋಡಿದಳು. ತಟ್ಟೆಯಷ್ಟು ಆಕಾಶ, ಅದರ ಅಂಚಿನ ಸುತ್ತ ತಲೆಗಳು. ಅವಳಿಗೆ ನಗು ಬಂತು. ಒಬ್ಬಳೇ ನಕ್ಕದ್ದು ಬಾವಿಯಲ್ಲಿ ದೊಡ್ಡದಾಗಿ ಕೇಳಿಸಿ, ಮೇಲಿದ್ದ ಬಾಯವ್ವ ಎದೆ ಹಿಡಿದುಕೊಂಡಳಂತೆ.

ಮೇಲೆ ಬಂದವಳು ಸೊಂಟದ ಸಂಚಿ ಬಿಚ್ಚಿ ಒಂದು ಹಿಡಿ ಕಪ್ಪು ಕೆಸರನ್ನು ಕಟ್ಟೆಯ ಮೇಲೆ ಇಟ್ಟಳು. ಊರಿನ ಹಳೇ ಮಂದಿಗೆ ಅದು ತಕ್ಷಣ ಗೊತ್ತಾಯಿತು. "ದುರ್ಗಪ್ಪನ ಮಗಳು ಖರೇನ," ಎಂದ ಸಂಗಪ್ಪ. ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ. ಸುಮೇಧ ಸರ್ ಎದ್ದು ಬಂದು ಕೆಸರಿನ ಕೈಯನ್ನೇ ಹಿಡಿದುಕೊಂಡರು. "ಯಾರ ಮಾರು ಅಂತ ಕೇಳಿದ್ರಿ ನೀವು," ಎಂದರು. "ನಾ ನಕ್ಕೆ." ಕೊಲ್ಲಾಪುರಕ್ಕೆ ಪತ್ರ ಬರೆಯುವ ಮಾತು ಅಲ್ಲಿಗೆ ನಿಂತಿತು.

ಮುಂದಿನ ಭಾನುವಾರ ಸರ್ ಟೇಪು ಹಿಡಿದು ಅಳೆದು ತಂದ ಹೊಸ ಹಗ್ಗದಲ್ಲಿ ಎಲ್ಲರೂ ಇಳಿದರು. ಗೌರೀಶನೂ ಇಳಿದ, ಎರಡು ಸಲ ಇಳಿದ, ಕಟ್ಟೆಯ ಮೇಲೆ ಎರಡು ಹಿಡಿ ಕೆಸರಿಟ್ಟ. ಹೀಗಾಗಿ ಒಂಬತ್ತು ಮಂದಿಯೂ ಗೆದ್ದರು, ಬೆಲ್ಟು ಎಂಟೇ ಉಳಿದವು. ಬಸ್ಸಿಗೆ ಕಾಯುತ್ತ ನಿಂತಾಗ ಯಾರೂ ಆ ಮಾತು ಎತ್ತಲಿಲ್ಲ. ರಾಚವ್ವ ಒಳಗೊಳಗೇ ಕುದಿಯುತ್ತಿದ್ದಳು. ಕೊನೆಗೆ ತಾನೇ ಬಿಟ್ಟುಕೊಡಬೇಕಾದೀತು, ಹುಡುಗರ ಮುಖ ನೋಡಿದರೆ ಕರುಳು ಚುರ್ ಅನ್ನುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಒಲಿ ಮುಂದ ನಾ ಇರ್ತೀನಿ," ಎಂದರು ಸುಮೇಧ ಸರ್.

"ಅಯ್ಯ, ನೀವಿಲ್ಲದ ಹೆಂಗ್ರಿ ಸರ?"

"ಮ್ಯಾಲೆ ಕರಕೊಂಡು ಹೋಗಲಿಕ್ಕೆ ಕೊಲ್ಲಾಪುರದವರು ಇದ್ದಾರ. ಬಾವಿಯೊಳಗ ಸೋತವರು ಒಲಿ ಮುಂದ ಅಂತ ಶರತ್ತು. ಸೋತವನು ಗೌರೀಶ ಅಲ್ಲ, ಹಗ್ಗ ತಂದವನು. ಅಡಿಗಿ ಮಾತ್ರ ನೀವು ಕಲಿಸಬೇಕು."

ರಾಚವ್ವ ಬಾಯಿ ತೆರೆದಳು, ಬೇಡವೆನ್ನಲು. ಬೇಡ ಎಂಬ ಮಾತು ಬಾಯಿಂದ ಬರಲಿಲ್ಲ. ಬರದಿದ್ದುದಕ್ಕೆ ಅವಳು ಆಮೇಲೆ ಯಾವತ್ತೂ ನಾಚಿಕೊಳ್ಳಲಿಲ್ಲ.

ದಸರೆಯವರೆಗೆ ದಿನವೂ ಸಂಜೆ ಪಾಠ. ಕಟಕ ರೊಟ್ಟಿ, ಶೇಂಗಾ ಚಟ್ನಿ ರಾಚವ್ವ ಮೊದಲೇ ಮಾಡಿ ಕಟ್ಟುವುದು, ಝುಣಕ ಮತ್ತು ಅನ್ನ ಸರ್ ಅಲ್ಲೇ ಮಾಡುವುದು ಎಂದಾಯಿತು. ಸರ್ ವಹಿ ಹಿಡಿದು ಬರೆದುಕೊಂಡರು.

"ಕಡ್ಲಿಹಿಟ್ಟು ಎಷ್ಟು?"

"ಎಂಟು ಹಿಡಿ ಹಾಕ್ರಿ."

"ಯಾರ ಹಿಡಿ, ಅಕ್ಕಾರ?"

ರಾಚವ್ವ ಸೌಟು ಕೆಳಗಿಟ್ಟು ನಕ್ಕಳು. ಬಹಳ ಹೊತ್ತು ನಕ್ಕಳು.

ಕಾಳಕಡಾ ಬೆಳಗಿನ ಬಿಸಿಲಲ್ಲಿ ಒಣಗಿ ನಿಂತಿತ್ತು. ಕೊಲ್ಲಾಪುರದ ಮುಂದಾಳು ಎಂಟೂ ಮಂದಿಯ ಬೆಲ್ಟು ಜಗ್ಗಿ ನೋಡುತ್ತ ರಾಚವ್ವನ ಕಚ್ಚೆಯ ಮುಂದೆ ನಿಂತ. "ಮಾವ್ಶಿ, ನಕ್ಕಿ?" ಎಂದ. ಚಿಕ್ಕಮ್ಮಾ, ಬರುವುದು ಖಂಡಿತವೇ ಎಂದು ಅರ್ಥ. "ನಕ್ಕಿ," ಎಂದಳು ರಾಚವ್ವ. ಅವಳಿಗೆ ಅಷ್ಟು ಮರಾಠಿ ಸಾಕಾಗಿತ್ತು.

ಮೊದಲ ನೂರು ಸರಳು ಸಲೀಸು. ಆಮೇಲೆ ಒಂದು ಕಡೆ ಬಂಡೆ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿತ್ತು, ಸರಳುಗಳು ಅದರ ಮೇಲೆ ಓರೆಯಾಗಿ ಹೋಗಿದ್ದವು. ಅಲ್ಲಿ ರಾಚವ್ವನಿಗೆ ತಾನು ಲೆಕ್ಕಕ್ಕೆ ಹಿಡಿಯದ ಒಂದು ಸಂಗತಿ ತಿಳಿಯಿತು. ಬಾವಿಯಲ್ಲಿ ಸುತ್ತಲೂ ಗೋಡೆ ಇರುತ್ತದೆ. ಇಲ್ಲಿ ಬೆನ್ನ ಹಿಂದೆ ಏನೂ ಇಲ್ಲ, ಬರೀ ಗಾಳಿ. ಆ ಗಾಳಿ ಸೆರಗು ಹಿಡಿದು ಜಗ್ಗಿತು. ಮೊದಲ ಸಲ ಅವಳ ಮೊಳಕಾಲು ನಡುಗಿದವು. ಇಷ್ಟೆಲ್ಲ ಹಟ ಮಾಡಿ ಬಂದು ಇಲ್ಲಿ ಕೂಗಿದರೆ ಹೇಗಿರುತ್ತದೆ ಎಂದು ಯೋಚನೆ ಬಂದು, ಇನ್ನಷ್ಟು ಹೆದರಿದಳು.

"ಯಕ್ಕಾ, ಯಾಕ ನಿಂತ್ರಿ?" ಕೆಳಗಿನ ಸರಳಿನಿಂದ ಮಧು ಕೇಳಿದಳು.

"ನೋಡಾಕ ನಿಂತೇನಿ," ಎಂದಳು ರಾಚವ್ವ.

ಹೇಳಿದ ಮೇಲೆ ನೋಡಬೇಕಲ್ಲ, ನೋಡಿದಳು. ಕೆಳಗೆ ಭತ್ತದ ಗದ್ದೆ, ಒಂದು ಕೆರೆ, ನೂಲಿನಂಥ ದಾರಿ, ದಾರಿಯ ಪಕ್ಕ ಚುಕ್ಕೆಯಷ್ಟು ಟೆಂಪೋ. ಟೆಂಪೋದ ಹತ್ತಿರ ಹೊಗೆ ಏಳುತ್ತಿತ್ತು. ಅದು ಬಹಳ ಹೊಗೆಯಾಗಿತ್ತು. ಸರ್ ಹಸಿ ಕಟ್ಟಿಗೆ ಹಾಕಿದ್ದಾರೆಂದು ಅವಳಿಗೆ ಅಲ್ಲಿಂದಲೇ ಗೊತ್ತಾಯಿತು. "ಊದ್ರಿ ಸರ, ಊದ್ರಿ," ಎಂದು ತನ್ನಷ್ಟಕ್ಕೆ ಅಂದುಕೊಂಡಳು, ಹಾಗೆ ಅಂದುಕೊಳ್ಳುತ್ತಲೇ ಕೈ ಮೇಲಿನ ಸರಳಿಗೆ ಹೋಗಿತ್ತು. ಒಂದು ಕೊಂಡಿ ಬಿಟ್ಟಳು, ಹಾಕಿದಳು. ಇನ್ನೊಂದು ಬಿಟ್ಟಳು, ಹಾಕಿದಳು. ಬಂಡೆಯ ಹೊಟ್ಟೆ ಯಾವಾಗ ಕೆಳಗೆ ಹೋಯಿತೋ ತಿಳಿಯಲಿಲ್ಲ.

ಕೊನೆಯ ಸರಳು ಹಿಡಿದು ಮೇಲೆ ಬಂದಾಗ ಅಲ್ಲಿ ಸಪಾಟಾದ ಹುಲ್ಲು, ಹಳದಿ ಹೂವು, ನಾಲ್ಕೂ ದಿಕ್ಕಿಗೆ ಗುಡ್ಡದ ಹಿಂದೆ ಗುಡ್ಡ. ರಾಚವ್ವ ನಿಂತಲ್ಲೇ ಸುತ್ತು ತಿರುಗಿದಳು. ಅವಳಿಗೆ ಅಳು ಬಂತು, ಅಡಗಿಸಲಿಲ್ಲ, ಜೋರಾಗಿಯೇ ಅತ್ತಳು. ಗೌರೀಶ ಹತ್ತಿರ ಬಂದು ಏನು ಮಾಡಬೇಕೆಂದು ತೋಚದೆ ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದ. "ಏಳೋ ಹುಚ್ಚಾ," ಎಂದು ಅವನ ಬೆನ್ನಿಗೊಂದು ಗುದ್ದಿ, ಅಳುತ್ತಲೇ ನಕ್ಕಳು. ಮುಂದಾಳು ಅವಳಿಗೆಂದು ಮೂರು ಸಲ ಜಯಕಾರ ಹಾಕಿಸಿದ. ಅದು ಎದುರಿನ ಗುಡ್ಡಕ್ಕೆ ಬಡಿದು ತಿರುಗಿ ಬಂತು.

ಇಳಿದು ಬರುವಾಗ ಮಧ್ಯಾಹ್ನ ಮೀರಿತ್ತು. ಸುಮೇಧ ಸರ್ ಮುಖವೆಲ್ಲ ಮಸಿ, ಕಣ್ಣು ಕೆಂಪು, ಅಂಗಿಗೆ ಕಡಲೆಹಿಟ್ಟು. ರೊಟ್ಟಿ ಬುಟ್ಟಿಯ ಮೇಲೆ ಕಲ್ಲು ಹೇರಿದ್ದರು, ಆದರೂ ಹತ್ತು ರೊಟ್ಟಿ ಮಂಗದ ಪಾಲಾಗಿತ್ತು. ಏಳು ಮಂದಿ ಸಾಲಾಗಿ ಕೂತರು. ಅಭ್ಯಾಸಬಲದಿಂದ ಒಲೆಯ ಕಡೆ ಹೊರಟ ರಾಚವ್ವನನ್ನು ಗೌರೀಶ ರಟ್ಟೆ ಹಿಡಿದು ಸಾಲಿನ ನಡುವೆ ಕೂಡಿಸಿದ. ಸರ್ ಬಗ್ಗಿ ಅವಳ ತಾಟಿಗೆ ಮೊದಲು ಬಡಿಸಿದರು. ಝುಣಕ ತಳ ಹಿಡಿದಿತ್ತು, ಅನ್ನ ಮುದ್ದೆಯಾಗಿತ್ತು. ಗುಡ್ಡ ಇಳಿದು ಬಂದವರಿಗೆ ಹಸಿವು ಹೀಗಿರುತ್ತದೆ ಎಂದು ಅವಳಿಗೆ ಅವತ್ತೇ ಗೊತ್ತಾದದ್ದು. ಎರಡು ಸಲ ಹಾಕಿಸಿಕೊಂಡು ತಿಂದಳು.

"ಹೆಂಗ ಆಗೇದ್ರಿ ಅಕ್ಕಾರ?" ಸರ್ ಸೌಟು ಹಿಡಿದು ಕಾಯುತ್ತ ನಿಂತಿದ್ದರು.

ರಾಚವ್ವ ತಾಟು ಒರೆಸಿ ಬೆರಳು ನೆಕ್ಕಿದಳು. ಕತ್ತೆತ್ತಿ ಮೇಲಿನ ಬಂಡೆಯನ್ನೊಮ್ಮೆ ನೋಡಿ, ಅವರ ಕಡೆ ತಿರುಗಿದಳು.

"ಮುಂದಿನ ವರ್ಷ ಯಾವ ಗುಡ್ಡಾರಿ ಸರ?" ಎಂದಳು. "ಅಡಗಿಯವರನ್ನ ಮಾತ್ರ ಈಗಿಂದನ ಹುಡುಕ್ರಿ."